ನಿಮಗಿದು ಗೊತ್ತೆ?: ತವರಿನ ಪಿಚ್‌ನಲ್ಲೇ ಮುಂಬೈಗೆ ಪೆಟ್ಟು

ರಣಜಿಯಲ್ಲಿ ಮುಂಬೈಯನ್ನು ಬಗ್ಗಿಸುವುದು ಸುಮ್ಮನೆ ಮಾತಲ್ಲ. ನವೆಂಬರ್ 2018ರಲ್ಲಿ ಬೆಳಗಾವಿ ಆಟೋನಗರದ ಕೆಎಸ್‌ಸಿಎ ಕ್ರೀಡಾಂಗಣದಲ್ಲಿ ಆ ಕೆಲಸ ಮಾಡಿದ್ದು ಬೆಳಗಾವಿಯಲ್ಲೇ ಹುಟ್ಟಿದ ವೇಗಿ ರೋನಿತ್ ಮೋರೆ. ಕರ್ನಾಟಕದ 400 ರನ್‌ಗೆ ಉತ್ತರವಾಗಿ ಮುಂಬೈ 205ಕ್ಕೆ ಉರುಳಿತು. ರೋನಿತ್‌ಗೆ 52 ರನ್‌ಗೆ 5 ವಿಕೆಟ್. ಪಂದ್ಯ ಡ್ರಾ ಆದರೂ ಮುನ್ನಡೆ ನಮ್ಮದೇ.

ಆ ಋತುವಿನಲ್ಲಿ ಅವರು ಕಿತ್ತಿದ್ದು 37 ವಿಕೆಟ್. ರಾಜ್ಯದ ಬೌಲರ್‌ಗಳಲ್ಲಿ ಅದೇ ಹೆಚ್ಚು. ಅದಕ್ಕೂ ಮೊದಲೇ ಐಪಿಎಲ್‌ನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ತಂಡ ಸೇರಿದ್ದವರು. ಆದರೂ ಭಾರತ ತಂಡದ ಕರೆ ಬರಲಿಲ್ಲ. 1992ರಲ್ಲಿ ಹುಟ್ಟಿದ ಅವರು ಬೆಳೆಯುವ ಹೊತ್ತಿಗೆ ರಾಜ್ಯ ತಂಡದಲ್ಲೇ ಸರದಿ ಉದ್ದವಿತ್ತು: ವಿನಯ್ ಕುಮಾರ್, ಅಭಿಮನ್ಯು ಮಿಥುನ್, ಎಸ್. ಅರವಿಂದ್. ಮೂವರೂ ಭಾರತಕ್ಕೆ ಆಡಿದವರು! ಅಂಥವರ ನಡುವೆ ಹೊಸ ಚೆಂಡು ಕೈಗೆ ಸಿಗುವುದೇ ದೊಡ್ಡದು.

  

ಗೋಕಾಕ, ಮೂಡಲಗಿ, ಹುಕ್ಕೇರಿಯ ವೇಗಿಗಳೇ, ಬೆಳಗಾವಿ ಜಿಲ್ಲೆ ಕೆಎಸ್‌ಸಿಎ ಧಾರವಾಡ ವಲಯಕ್ಕೆ ಸೇರಿದೆ. ಆಯ್ಕೆ ಟ್ರಯಲ್ಸ್ ಪ್ರಕಟಣೆ ಬಂದಾಗ ತಪ್ಪಿಸಿಕೊಳ್ಳಬೇಡಿ.