ಶಸ್ತ್ರ ಹಿಡಿಯದ ಶುಶ್ರೂಷಕ

ಕಾಲಾಳುಗಳ ಪ್ರತಿಯೊಂದು ತುಕಡಿಯೊಡನೆ ಮುಂಚೂಣಿಯವರೆಗೂ ನಡೆದು ಹೋಗತಕ್ಕವನು, ಆದರೆ ಕೊಲ್ಲುವುದಕ್ಕೆಂದು ಹೋಗದವನು, ಒಬ್ಬನಿರುತ್ತಾನೆ. ಸೈನಿಕರು ಅವನನ್ನು ಮೆಡಿಕ್ ಎಂದು ಕರೆಯುತ್ತಾರೆ. ಉಳಿದವರೆಲ್ಲ ನೆಲಕ್ಕೆ ಮೈಯೊತ್ತಿ ಮರೆಯನ್ನು ಅರಸುತ್ತಿರುವ ಹೊತ್ತಿನಲ್ಲಿಯೇ ಗುಂಡು ತಾಗಿ ಬಿದ್ದವನ ಬಳಿಗೆ ತೆವಳಿ ಹೋಗಿ, ಹರಿಯುವ ರಕ್ತವನ್ನು ಬಿಗಿದು ನಿಲ್ಲಿಸಿ, ಗಾಯದ ಮೇಲೆ ಸಲ್ಫಾ ಪುಡಿಯನ್ನು ಉದುರಿಸಿ ಪಟ್ಟಿ ಸುತ್ತಿ, ನೋವು ತಾಳಲಾರದವನಿಗೆ ಮಾರ್ಫಿನ್ ಚುಚ್ಚಿ, ನಾಡಿ ಕುಸಿದವನಿಗೆ ಪ್ಲಾಸ್ಮಾ ಏರಿಸಿ, ಹಿಂದಣ ಚಿಕಿತ್ಸಾ ಶಿಬಿರ ಮುಟ್ಟುವತನಕ ಪ್ರಾಣವನ್ನು ಹಿಡಿದಿಡುವುದೇ ಎರಡನೆಯ ಮಹಾಯುದ್ಧದ ಕಾಲದ ಮೆಡಿಕ್‌ನ ಕಸುಬು. ವೈದ್ಯನ ಪಾಂಡಿತ್ಯ ಅವನಲ್ಲಿ ಇರಲಿಲ್ಲ. ಆದರೆ ವೈದ್ಯನು ಬರಲಾಗದ ಸ್ಥಳದಲ್ಲಿ ಅವನು ಇರುತ್ತಿದ್ದನು.

ಈ ಕಸುಬನ್ನು ವ್ರತವೆಂದೇ ಸ್ವೀಕರಿಸಿದವನು ಡೆಸ್ಮಂಡ್ ಡಾಸ್. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಲಿಂಚ್‌ಬರ್ಗ್ ಊರಿನಲ್ಲಿ, 1919ರ ಫೆಬ್ರವರಿ 7ರಂದು, ಬಡಗಿಯೊಬ್ಬನ ಮಗನಾಗಿ ಆತನು ಜನಿಸಿದನು. ಮನೆಯ ಗೋಡೆಯ ಮೇಲೆ ದಶಾಜ್ಞೆಗಳ ಚಿತ್ರವೊಂದು ತೂಗುಹಾಕಿತ್ತು. ಅದರಲ್ಲಿ ಕೊಲೆಯನ್ನು ನಿಷೇಧಿಸುವ ಆರನೆಯ ಆಜ್ಞೆಯೊಡನೆ, ತಮ್ಮನಾದ ಏಬೆಲನನ್ನು ಕೊಂದು ನಿಂತ ಕಾಯಿನನ ರೂಪವಿತ್ತು. ಅಣ್ಣನಾದವನು ಇಂಥದನ್ನು ಹೇಗೆ ಮಾಡಿದನೆಂಬ ಪ್ರಶ್ನೆ ಬಾಲಕನ ಮನಸ್ಸನ್ನು ಹೊಕ್ಕಿತು; ಮತ್ತೆ ಎಂದೂ ಹೊರಬರಲಿಲ್ಲ. ಆತನ ಕುಟುಂಬ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥಕ್ಕೆ ಸೇರಿದುದು. ಶನಿವಾರವನ್ನು ಸಬ್ಬತ್ ದಿನವೆಂದು ಪಾಲಿಸುವ ಈ ಪಂಥದವರು, ಯುವಕರು ಶಸ್ತ್ರ ಹಿಡಿಯದೆಯೇ ದೇಶಸೇವೆ ಮಾಡುವಂತಾಗಲೆಂದು, 1934ರಲ್ಲಿಯೇ ನೆಬ್ರಾಸ್ಕಾದ ತಮ್ಮ ಯೂನಿಯನ್ ಕಾಲೇಜಿನಲ್ಲಿ ಸೈನಿಕ ಶುಶ್ರೂಷೆಯ ಶಿಕ್ಷಣವನ್ನು ಆರಂಭಿಸಿದ್ದರು. ಮುಂದೆ ಮಿಚಿಗನ್‌ನಲ್ಲಿ ನಡೆದ ಅಂಥದೇ ತರಬೇತಿ ಶಿಬಿರಕ್ಕೆ ಡಾಸನ ಹೆಸರನ್ನೇ ಇಟ್ಟರು.

ನೌಕಾ ಕಾರ್ಖಾನೆಯ ಉದ್ಯೋಗದಲ್ಲಿದ್ದ ಡಾಸನಿಗೆ ಸೈನ್ಯದಿಂದ ವಿನಾಯಿತಿ ಸಿಗುವಂತಿತ್ತು. ಆತನು ಅದನ್ನು ಬೇಡವೆಂದು 1942ರ ಏಪ್ರಿಲ್‌ನಲ್ಲಿ ಸೈನ್ಯಕ್ಕೆ ಸೇರಿದನು. ಬಂದೂಕನ್ನು ಮುಟ್ಟಲೊಲ್ಲದ ಈ ಕೃಶಕಾಯದ ಯುವಕನನ್ನು ಸಂಗಡಿಗರು ಹೇಡಿಯೆಂದು ಹಳಿದರು. ಹಾಸಿಗೆಯ ಬಳಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದವನ ಮೇಲೆ ಬೂಟುಗಳನ್ನೆಸೆದರು. ಮೇಲಧಿಕಾರಿಗಳು ಬುದ್ಧಿ ಸ್ತಿಮಿತದಲ್ಲಿಲ್ಲವೆಂಬ ನೆಪದಿಂದ ಮನೆಗೆ ಕಳುಹಿಸಲು ಯತ್ನಿಸಿದರು. ಗುವಾಮ್ ಮತ್ತು ಲೇಟೆ ದ್ವೀಪಗಳ ಕದನಗಳಲ್ಲಿ ಆತನ ಕೈಯಿಂದ ಬದುಕಿದವರು ಹೆಚ್ಚಿದಂತೆ ಆ ಹಳಿಯುವಿಕೆ ತಾನಾಗಿ ನಿಂತಿತು.

ಓಕಿನಾವಾ ದ್ವೀಪದ ಮಾಯೆದಾ ದಿಬ್ಬ ಸುಮಾರು 400 ಅಡಿ ಎತ್ತರದ್ದು. ಅದರ ನೆತ್ತಿಯ ಭಾಗ ಗೋಡೆಯಂತೆ ಕಡಿದಾದ ಬಂಡೆ. 1945ರ ಮೇ 5, ಶನಿವಾರ. ಸಬ್ಬತ್ ದಿನವಾದರೂ ಕ್ರಿಸ್ತನು ಆ ದಿನದಲ್ಲಿಯೂ ರೋಗಿಗಳನ್ನು ಗುಣಪಡಿಸಿದನೆಂಬ ನೆಲೆಯ ಮೇಲೆ, ಪ್ರಾರ್ಥನೆಯನ್ನು ಮುಗಿಸಿಕೊಂಡು, ಡಾಸ್ ಮೇಲೇರಿದನು. ಜಪಾನೀಯರ ಪ್ರತಿದಾಳಿಗೆ ಸಿಲುಕಿದ ತುಕಡಿ ಇಳಿದು ಹಿಂಜರಿದಾಗ, ಗಾಯಾಳುಗಳು ಮಾತ್ರ ನೆತ್ತಿಯ ಮೇಲೆ ಉಳಿದರು. ಅವರೊಡನೆ ಡಾಸನೂ ಉಳಿದನು. ಹಿಂದೊಮ್ಮೆ ತರಬೇತಿಯಲ್ಲಿ ಹಗ್ಗದ ಗಂಟು ಕಲಿಯುವಾಗ, ಹಗ್ಗವನ್ನು ಇಮ್ಮಡಿಸಿ ಹಿಡಿದುದರಿಂದ ಒಂದರ ಬದಲು ಎರಡು ಕುಣಿಕೆಗಳು ಬಂದುದನ್ನು ಆತನು ಕಂಡಿದ್ದನು. ಆ ಗಂಟೇ ಈಗ ನೆನಪಿಗೆ ಬಂದಿತು. ಗಾಯಾಳುವಿನ ಒಂದೊಂದು ಕಾಲನ್ನು ಒಂದೊಂದು ಕುಣಿಕೆಯಲ್ಲಿ ತೂರಿಸಿ, ಎದೆಯ ಸುತ್ತ ಮತ್ತೊಂದು ಸುತ್ತು ಬಿಗಿದು, ಹಗ್ಗವನ್ನು ಮರದ ಮೋಟಿಗೆ ಸುತ್ತಿ, ಅಂಗೈ ಸುಲಿಯುವಂತೆ ಸಡಿಲಬಿಡುತ್ತ, ಆತನು ಒಬ್ಬೊಬ್ಬರನ್ನಾಗಿ ಬಂಡೆಯಂಚಿನಿಂದ ಕೆಳಗಿಳಿಸಿದನು. ಇನ್ನೊಬ್ಬನನ್ನು ಉಳಿಸುವ ಶಕ್ತಿ ಕೊಡು ಎಂಬುದೊಂದೇ ಪ್ರತಿ ಸಲವೂ ಆತನ ಪ್ರಾರ್ಥನೆ. ಸೈನ್ಯದವರು ನೂರು ಮಂದಿಯೆಂದರು, ಡಾಸ್ ಐವತ್ತಕ್ಕಿಂತ ಹೆಚ್ಚಿರಲಾರರೆಂದನು. ಕೊನೆಗೆ ಎರಡರ ನಡುವಣ 75 ದಾಖಲೆಗೆ ಸೇರಿತು.

ಮೇ 21ರ ರಾತ್ರಿ ಶೂರಿಯ ಬಳಿ ಸಿಡಿದ ಗ್ರೆನೇಡು ಆತನ ಕಾಲುಗಳನ್ನು ಜರ್ಜರಿತಗೊಳಿಸಿತು. ಮತ್ತೊಬ್ಬ ಮೆಡಿಕ್‌ನನ್ನು ಮರೆಯಿಂದ ಹೊರಕ್ಕೆ ಕರೆಯಲೊಲ್ಲದೆ, ಐದು ಗಂಟೆಗಳ ಕಾಲ ತನ್ನ ಗಾಯಗಳನ್ನು ತಾನೇ ನೋಡಿಕೊಂಡನು. ಹೊತ್ತೊಯ್ಯುತ್ತಿದ್ದ ಡೋಲಿಯಿಂದಲೂ, ತನಗಿಂತ ಹೆಚ್ಚು ಗಾಯಗೊಂಡವನನ್ನು ಕಂಡು, ಕೆಳಗಿಳಿದನು. ಆ ಬಳಿಕ ಗುಂಡು ತಾಗಿ ತೋಳಿನ ಎಲುಬು ಮುರಿದಾಗ, ಬಂದೂಕಿನ ಮರದ ಹಿಡಿಯೊಂದನ್ನು ದಬ್ಬೆಯಾಗಿ ಕಟ್ಟಿಕೊಂಡು 300 ಗಜ ತೆವಳಿದನು. ಈ ಗಡಿಬಿಡಿಯಲ್ಲಿ ಹೆಂಡತಿ ಡೊರೊಥಿ ಕೊಟ್ಟಿದ್ದ ಪುಟ್ಟ ಬೈಬಲ್ ಕಳೆದುಹೋಯಿತು. ಹಿಂದೆ ಹಳಿದಿದ್ದ ತುಕಡಿಯ ಜನರೇ ರಣಭೂಮಿಯನ್ನು ಜಾಲಾಡಿ ಅದನ್ನು ಹುಡುಕಿ ಅಂಚೆಯಲ್ಲಿ ಕಳುಹಿಸಿದರು. ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಆತನಿಗೆ ಮೆಡಲ್ ಆಫ್ ಆನರ್ ಪದಕವನ್ನು ತೊಡಿಸಿದನು. ಶಸ್ತ್ರ ನಿರಾಕರಿಸಿದವನೊಬ್ಬನಿಗೆ ಅದು ಸಂದುದು ಅದೇ ಮೊದಲು.

ಪದಕದೊಡನೆ ಕಥೆಯನ್ನು ಮುಗಿಸುವುದು ಹಲವರ ವಾಡಿಕೆ. ಡಾಸನ ಕಠಿಣತರವಾದ ಸಾಧನೆ ಅಲ್ಲಿಂದ ಮೊದಲಾಯಿತೆಂದು ನಾನು ತಿಳಿಯುತ್ತೇನೆ. ಯುದ್ಧಭೂಮಿಯಲ್ಲಿ ಅಂಟಿದ ಕ್ಷಯರೋಗ ಆತನ ಎಡ ಶ್ವಾಸಕೋಶವನ್ನೂ ಐದು ಪಕ್ಕೆಲುಬುಗಳನ್ನೂ ಕೊಂಡೊಯ್ದಿತು. ಐದು ವರ್ಷಗಳಿಗೂ ಮೀರಿ ಆಸ್ಪತ್ರೆಯ ವಾಸವಾಯಿತು. ಮುಂದೆ, 1976ರಲ್ಲಿ, ಔಷಧದ ಅತಿಪ್ರಮಾಣದಿಂದ ಶ್ರವಣವೂ ನಷ್ಟವಾಗಿ, ಹನ್ನೆರಡು ವರ್ಷಗಳ ತರುವಾಯ ಯಂತ್ರಸಹಾಯದಿಂದ ಮರಳಿತು. ಇತರರ ಗಾಯಕ್ಕೆ ಔಷಧವಿದ್ದವನಿಗೆ ತನ್ನ ರೋಗಕ್ಕೆ ಪೂರ್ಣ ಪರಿಹಾರ ದೊರೆಯಲಿಲ್ಲ. ಶ್ರದ್ಧೆ ಆತನ ವ್ಯಾಧಿಯನ್ನು ತೊಲಗಿಸಿತೆಂದು ಹೇಳಿದರೆ ಅದು ಅಸತ್ಯವಾದೀತು. ವ್ಯಾಧಿ ಆತನನ್ನು ಕಹಿಯಾಗಿಸದಂತೆ ಅದು ಕಾಯಿತು. ಸಣ್ಣ ಜಮೀನನ್ನು ನೋಡಿಕೊಳ್ಳುತ್ತ, ಶನಿವಾರಗಳಂದು ದೇವಾಲಯಕ್ಕೆ ಹೋಗುತ್ತ, ಯುವಕರ ಶಿಬಿರಗಳಲ್ಲಿ ಮಾತನಾಡುತ್ತ, ದಿಬ್ಬದ ಯಶಸ್ಸನ್ನೆಲ್ಲ ದೇವರ ಲೆಕ್ಕಕ್ಕೇ ಬರೆಯುತ್ತ ಆತನು ಬಾಳಿದನು.

ಡಾಸ್ 2006ರ ಮಾರ್ಚ್ 23ರಂದು, 87ನೆಯ ವಯಸ್ಸಿನಲ್ಲಿ, ತೀರಿಕೊಂಡನು. 2016ರ ‘ಹ್ಯಾಕ್ಸಾ ರಿಡ್ಜ್’ ಚಲನಚಿತ್ರದಲ್ಲಿ ಆ ದಿಬ್ಬದ ಕಥೆಯನ್ನು ಕಂಡವರು, ಆಸ್ಪತ್ರೆಯ ಆ ವರ್ಷಗಳ ಕಥೆಯನ್ನೂ ಹುಡುಕಿ ಓದಬೇಕು.