ಬಯೋಎಥೆನಾಲ್ ಅಗ್ಗಿಷ್ಟಿಕೆ: ಶುಚಿತ್ವ, ನಿರ್ವಹಣೆ ಮತ್ತು ಮಾರಾಟಗಾರರ ಹೊಣೆ

ಕಟ್ಟಿಗೆ, ಬೂದಿ, ಹೊಗೆಗೊಳವೆಗಳ ಗೊಡವೆಯಿಲ್ಲದೆ ಮನೆಯೊಳಗೆ ನಿಜವಾದ ಜ್ವಾಲೆಯನ್ನು ಉರಿಸುವ ಬಯೋಎಥೆನಾಲ್ ಅಗ್ಗಿಷ್ಟಿಕೆಯು ಐರೋಪ್ಯ ನಗರಗಳ ಬಹುಮಹಡಿ ಮನೆಗಳಲ್ಲಿ ಬಳಕೆಗೆ ಬಂದ ಸರಕು. ಚಿಮಣಿ ಕಟ್ಟಿಸಲು ಅವಕಾಶವಿಲ್ಲದ ಮನೆಗಳಲ್ಲಿ ಇದಕ್ಕೆ ಸಹಜವಾಗಿಯೇ ಬೇಡಿಕೆ ಉಂಟಾಯಿತು. ಇಂದು ಬೆಂಗಳೂರಿನ ಒಳಾಂಗಣ ಅಲಂಕಾರದ ಮಳಿಗೆಗಳಲ್ಲಿಯೂ ಇದು ದೊರೆಯುತ್ತದೆ. ಕೊಡಗು, ಚಿಕ್ಕಮಗಳೂರಿನಂತಹ ತಂಪು ಪ್ರದೇಶಗಳ ಮನೆಗಳಿಗೂ ಅತಿಥಿಗೃಹಗಳಿಗೂ ಒಪ್ಪುವ ವಸ್ತುವಿದು. ಸ್ಟೇನ್‌ಲೆಸ್ ಸ್ಟೀಲ್ ಹಾಳೆಯನ್ನು ಕತ್ತರಿಸಿ, ಬಾಗಿಸಿ, ಬೆಸುಗೆ ಹಾಕಬಲ್ಲ ಸಣ್ಣ ಕಾರ್ಖಾನೆಗೆ ಇದರ ಸರಳ ಬರ್ನರ್ ತಯಾರಿಕೆ ಕಷ್ಟದ ಕೆಲಸವೇನಲ್ಲ.

‘ಹೊಗೆಯಿಲ್ಲ, ಬೂದಿಯಿಲ್ಲ, ನಿರ್ವಹಣೆಯ ತಾಪತ್ರಯವಿಲ್ಲ’ ಎಂಬ ಧಾಟಿಯಲ್ಲಿ ಈ ಸರಕನ್ನು ಪ್ರಚಾರ ಮಾಡಲಾಗುತ್ತದೆ. ಮೊದಲೆರಡು ಮಾತುಗಳು ಬಹುಮಟ್ಟಿಗೆ ನಿಜ. ಮೂರನೆಯದನ್ನು ನಂಬಿದ ಗ್ರಾಹಕನು ಬರ್ನರನ್ನು ಖಾಲಿ ಮಾಡದೆ, ಒರೆಸದೆ, ಆರಲು ಬಿಡದೆ ಮತ್ತೆ ಮತ್ತೆ ಇಂಧನ ಸುರಿಯುವ ಅಭ್ಯಾಸಕ್ಕೆ ಬೀಳುತ್ತಾನೆ. ಈ ಉಪಕರಣದಿಂದ ಸಂಭವಿಸುವ ಘೋರ ಅವಘಡಗಳ ಮೂಲ ಇರುವುದು ಅಲ್ಲಿಯೇ. ಆದುದರಿಂದ ಶುಚಿಗೊಳಿಸುವ ಕ್ರಮವನ್ನು ಅಂದಚೆಂದದ ವಿಷಯವೆಂದು ಬದಿಗಿಡದೆ, ಸರಕಿನ ಒಂದು ಭಾಗವೆಂದೇ ತಯಾರಕರೂ ವರ್ತಕರೂ ಪರಿಗಣಿಸುವುದು ಒಳಿತು.

ಉರಿಯುವುದೇನು, ಉಳಿಯುವುದೇನು

ಎಥೆನಾಲ್ ಪೂರ್ಣವಾಗಿ ಉರಿದಾಗ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ ಉತ್ಪತ್ತಿಯಾಗುತ್ತವೆ. ಆದರೆ ಅವುಗಳ ಪ್ರಮಾಣ ಅಲ್ಪವಲ್ಲ. ಒಂದು ಲೀಟರ್ ಎಥೆನಾಲಿನಿಂದ ಸುಮಾರು 1.5 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹಾಗೂ 0.9 ಕಿಲೋಗ್ರಾಮಿಗೂ ಸ್ವಲ್ಪ ಹೆಚ್ಚು ನೀರು ಹೊರಬರುತ್ತದೆ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಬಿಗಿಯಾಗಿ ಮುಚ್ಚಿ ಅದರಲ್ಲಿ ಅರ್ಧ ಲೀಟರ್ ಉರಿಸಿದರೆ, ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಶೇಕಡಾ 1ರಷ್ಟಾಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇಕಡಾ 0.04ರ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ ಎಂಟು ಗಂಟೆಯ ದುಡಿಮೆಗೆ ಅನುಮತಿಸಿರುವ ಮಿತಿ ಶೇಕಡಾ 0.5. ಚಿಮಣಿ ಬೇಡವೆಂದ ಮಾತ್ರಕ್ಕೆ ಕಿಟಕಿಯೂ ಬೇಡವೆಂದು ತಿಳಿಯಬಾರದು. ಕಿಟಕಿಯ ಗಾಜಿನ ಮೇಲೆ ಹನಿಗಟ್ಟುವುದು, ಗೋಡೆಯ ಮೂಲೆಯಲ್ಲಿ ಬೂಷ್ಟು ಹಿಡಿಯುವುದು ಇವೆಲ್ಲ ಗಾಳಿಯ ಸಂಚಾರ ಸಾಲದೆಂಬುದರ ಸೂಚನೆಗಳು.

ಬರ್ನರಿನ ತಳದಲ್ಲಿ ಉಳಿಯುವ ವಸ್ತುವಿಗೆ ಇಂಧನದ ಗುಣಮಟ್ಟವೇ ಕಾರಣ. ಮಾರುಕಟ್ಟೆಯ ಸ್ಪಿರಿಟಿನಲ್ಲಿ ಶೇಕಡಾ 4–5ರಷ್ಟು ನೀರು ಇರುವುದು ಸಾಮಾನ್ಯ. ಮದ್ಯಸಾರವು ಮೊದಲು ಉರಿದುಹೋಗಿ ನೀರಿನ ಅಂಶ ತಳದಲ್ಲಿ ಹೆಚ್ಚುತ್ತಾ ಬರುತ್ತದೆ. ಕುಡಿಯಲು ಬಾರದಂತೆ ಬೆರೆಸಿದ ಪದಾರ್ಥಗಳು ಅಂಟಾಗಿಯೋ ಕಂದು ಕಲೆಯಾಗಿಯೋ ಕೂರುತ್ತವೆ. ಪಿರಿಡೀನ್‌ನಂತಹ ವಸ್ತು ಬೆರೆತ ಕಡಿಮೆ ದರ್ಜೆಯ ಡಿನೇಚರ್ಡ್ ಸ್ಪಿರಿಟನ್ನು ಮನೆಯೊಳಗೆ ಉರಿಸಿದರೆ ದುರ್ವಾಸನೆ ತಪ್ಪಿದ್ದಲ್ಲ. ಜ್ವಾಲೆ ಕುಗ್ಗಿದೆ, ಹೊತ್ತಿಸಲು ಕಷ್ಟವಾಗುತ್ತಿದೆ, ವಾಸನೆ ಬರುತ್ತಿದೆ ಎಂಬ ಗ್ರಾಹಕರ ದೂರು ಬಂದಾಗ ಬರ್ನರಿನಲ್ಲಿ ದೋಷ ಹುಡುಕುವ ಮೊದಲು ಇಂಧನವನ್ನೂ ತಳದ ಶೇಷವನ್ನೂ ನೋಡತಕ್ಕದ್ದು.

ಶುಚಿಗೊಳಿಸುವ ಕ್ರಮ

ಜ್ವಾಲೆ ಆರಿ, ಬರ್ನರ್ ಸಂಪೂರ್ಣ ತಣಿದ ನಂತರವೇ ಕೈಹಾಕುವುದು ಮೊದಲ ನಿಯಮ. ದಪ್ಪ ಉಕ್ಕಿನ ಬರ್ನರ್ ಅರ್ಧ ಗಂಟೆಯ ಬಳಿಕವೂ ಬಿಸಿಯಾಗಿರಬಹುದು. ಗಡಿಯಾರಕ್ಕಿಂತ, ಹೊರಮೈಗೆ ಅಂಗೈ ಹತ್ತಿರ ತಂದಾಗ ಕಾವು ತಾಗದಿರುವುದೇ ನಂಬತಕ್ಕ ಪರೀಕ್ಷೆ. ಉಳಿದ ಇಂಧನವನ್ನು ಡಬ್ಬಿಗೆ ಮರಳಿ ಸುರಿಯಬಾರದು. ನೀರು, ಮಸಿ ಸೇರಿದ ದ್ರವವು ಡಬ್ಬಿಯಲ್ಲಿರುವುದನ್ನೂ ಕೆಡಿಸುತ್ತದೆ. ಅದನ್ನು ಹೀರುವ ಬಟ್ಟೆಯಿಂದ ತೆಗೆದು, ಆ ಬಟ್ಟೆಯನ್ನು ಬೆಂಕಿಯಿಂದ ದೂರ, ಬಯಲಿನಲ್ಲಿ ಹರಡಿ ಒಣಗಿಸತಕ್ಕದ್ದು. ಮುದ್ದೆ ಮಾಡಿ ಅಡುಗೆಮನೆಯ ಕಸದ ಬುಟ್ಟಿಗೆ ಎಸೆಯುವುದು ಸಲ್ಲದು.

ಒಳಗೆ ಹೀರುವ ಪದರವಿಲ್ಲದ ಬರಿಯ ಉಕ್ಕಿನ ಬರ್ನರನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ನಾಲ್ಕಾರು ಹನಿ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕೊಳವೆಬಾವಿಯ ಗಡಸು ನೀರು ಬಿಳಿ ಕಲೆಗಳನ್ನು ಉಳಿಸುತ್ತದೆ. ನೀರು ಬೆರೆಸಿದ ವಿನಿಗರ್ ಅಥವಾ ನಿಂಬೆರಸದಿಂದ ಅವನ್ನು ತೆಗೆದು, ತಿಳಿನೀರಿನಿಂದ ಒರೆಸಿ, ಒಣಗಿಸಬೇಕು. ಬ್ಲೀಚಿಂಗ್ ದ್ರವ, ಶೌಚಾಲಯ ತೊಳೆಯುವ ಆಸಿಡ್, ಕಬ್ಬಿಣದ ನಾರುಂಡೆ ಈ ಮೂರನ್ನೂ ದೂರವಿಡತಕ್ಕದ್ದು. ಕ್ಲೋರೈಡ್ ತಾಗಿದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ಗುಳಿಗಳು ಬಿದ್ದು, ಮುಂದೆ ಅವೇ ಸೋರುವ ರಂಧ್ರಗಳಾಗಬಲ್ಲವು. ನಾರುಂಡೆಯ ಚೂರುಗಳು ಮೇಲ್ಮೈಯಲ್ಲಿ ಉಳಿದು ತುಕ್ಕು ಹಿಡಿಯುತ್ತವೆ. ಜ್ವಾಲೆ ಹೆಚ್ಚು ಹಳದಿಯಾಗಿ ಕಾಣಲೆಂದು ಇಂಧನಕ್ಕೆ ಅಡುಗೆ ಉಪ್ಪು ಹಾಕಿದರೂ ಅದೇ ಹಾನಿ. ಮಂಗಳೂರು, ಕಾರವಾರದಂತಹ ಕಡಲ ತೀರದ ಊರುಗಳಿಗೆ ಕಳುಹಿಸುವ ಸರಕಿಗೆ 304ರ ಬದಲು 316 ದರ್ಜೆಯ ಉಕ್ಕನ್ನು ಬಳಸಿದರೆ ಬೆಲೆ ಏರಿದರೂ ದೂರು ಇಳಿಯುತ್ತದೆ.

ಇಂಧನ ತುಳುಕದಂತೆ ಹಲವು ಬರ್ನರುಗಳಲ್ಲಿ ಸೆರಾಮಿಕ್ ಉಣ್ಣೆಯ ಪದರ ಇರಿಸಿರುತ್ತಾರೆ. ಇದನ್ನು ತೊಳೆಯುವಂತಿಲ್ಲ, ಹಿಂಡುವಂತಿಲ್ಲ, ಊದಿ ಧೂಳು ತೆಗೆಯುವಂತಿಲ್ಲ. ಗಟ್ಟಿಯಾಗಿ ಕಪ್ಪಾದಾಗ ಅಥವಾ ಪುಡಿಯುದುರತೊಡಗಿದಾಗ ಬದಲಾಯಿಸುವುದೊಂದೇ ದಾರಿ. ಅತ್ಯುಷ್ಣ ತಾಳುವ ಸೆರಾಮಿಕ್ ನಾರನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ವಸ್ತುಗಳ ‘2ಬಿ’ ಗುಂಪಿಗೆ ಸೇರಿಸಿದೆ. ಇಂಧನದ ಅಂಶ ಪೂರ್ತಿ ಆರಿದ ಮೇಲೆ ಪದರವನ್ನು ತುಸು ನೀರಿನಿಂದ ತೇವಗೊಳಿಸಿ, ಮುಖಗವಸು, ಕೈಗವಸು ಧರಿಸಿ ತೆಗೆದು, ಮುಚ್ಚಿದ ಚೀಲದಲ್ಲಿ ವಿಲೇವಾರಿ ಮಾಡುವುದು ಸೂಕ್ತ. ಶ್ವಾಸಕೋಶದಲ್ಲಿ ಬೇಗ ಕರಗಿಹೋಗುವ ಬಗೆಯ ನಾರುಗಳೂ ಮಾರುಕಟ್ಟೆಯಲ್ಲಿವೆ. ಹೊಸದಾಗಿ ತಯಾರಿಕೆಗೆ ಇಳಿಯುವವರು ಅವನ್ನೇ ಆಯ್ದುಕೊಳ್ಳುವುದು ಮೇಲು.

ಟಫನ್ಡ್ ಗಾಜಿನ ಫಲಕವನ್ನೂ ತಣಿದ ಬಳಿಕವೇ ಒರೆಸಬೇಕು. ಅಂಚಿನಲ್ಲಿ ಚಕ್ಕೆ ಎದ್ದ ಗಾಜನ್ನು ಮತ್ತೆ ಬಳಸದೆ ಬದಲಾಯಿಸುವುದು ಒಳ್ಳೆಯದು. ಪೌಡರ್ ಕೋಟಿಂಗ್ ಇರುವ ಚೌಕಟ್ಟಿಗೆ ಥಿನ್ನರ್ ತಾಗಿಸಬಾರದು. ಪಂಪು, ಸಂವೇದಕಗಳಿರುವ ಸ್ವಯಂಚಾಲಿತ ಮಾದರಿಗಳ ಒಳಭಾಗವನ್ನು ಮಾರಾಟಗಾರರ ತಂತ್ರಜ್ಞರೇ ನೋಡಬೇಕಾದುದರಿಂದ, ವಾರ್ಷಿಕ ತಪಾಸಣೆಯ ಶುಲ್ಕವನ್ನು ಮೊದಲೇ ಬಿಲ್ಲಿನಲ್ಲಿ ಸೂಚಿಸುವುದು ಲೇಸು.

ಮರುಭರ್ತಿಯ ಹೊತ್ತು

ಎಥೆನಾಲ್ ಜ್ವಾಲೆಯು ಕುಗ್ಗುತ್ತಾ ಬಂದಂತೆ ನೀಲಿಯಾಗಿ, ಬೆಳಕಿನಲ್ಲಿ ಬಹುತೇಕ ಕಾಣದಂತಾಗುತ್ತದೆ. ಆರಿತೆಂದು ಭಾವಿಸಿ ಡಬ್ಬಿ ಬಗ್ಗಿಸಿದಾಗ ಅನಾಹುತ ನಡೆಯುತ್ತದೆ. ಇದರ ಹಿಂದಿರುವ ಕಾರಣ ಕುತೂಹಲಕರ. ಪೆಟ್ರೋಲ್ ಡಬ್ಬಿಯೊಳಗಿನ ಆವಿಯು ಸಾಮಾನ್ಯ ಉಷ್ಣತೆಯಲ್ಲಿ ಎಷ್ಟು ದಟ್ಟವೆಂದರೆ, ಹೊತ್ತಿಕೊಳ್ಳಲು ಬೇಕಾದಷ್ಟು ಗಾಳಿ ಅದರೊಡನೆ ಇರುವುದೇ ಕಡಿಮೆ. ಎಥೆನಾಲಿನ ಸಂಗತಿ ಬೇರೆ. ಅದರ ಆವಿ ಗಾಳಿಯಲ್ಲಿ ಶೇಕಡಾ 3.3ರಿಂದ 19ರವರೆಗೆ ಇದ್ದಾಗ ಹೊತ್ತಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿದ ಡಬ್ಬಿಯ ಖಾಲಿ ಭಾಗದಲ್ಲಿ ಅದು ಸುಮಾರು ಶೇಕಡಾ 6ರಷ್ಟಿರುತ್ತದೆ. ಅಂದರೆ ಅರ್ಧ ಖಾಲಿಯಾದ ಎಥೆನಾಲ್ ಡಬ್ಬಿಯು ಸದಾ ಹೊತ್ತಿಕೊಳ್ಳಲು ಸಿದ್ಧವಾದ ಮಿಶ್ರಣವನ್ನು ಹೊತ್ತಿರುತ್ತದೆ. ಕಿಡಿ ಬಾಯಿಯ ಮೂಲಕ ಒಳಹೊಕ್ಕರೆ ಉರಿಯುವ ದ್ರವವು ಕೊಳವೆಯಿಂದ ಚಿಮ್ಮಿದಂತೆ ಹೊರನುಗ್ಗಿ, ಎದುರಿಗೆ ದೂರದಲ್ಲಿ ಕುಳಿತವರನ್ನೂ ಸುಡಬಲ್ಲದು.

ಡಬ್ಬಿಯ ಬಾಯಿಗೆ ಜ್ವಾಲೆ ತಡೆಯುವ ಸೂಕ್ಷ್ಮ ಲೋಹಜಾಲರಿ ಅಳವಡಿಸಿದರೆ ಈ ಅಪಾಯ ಬಹಳವಾಗಿ ತಗ್ಗುತ್ತದೆ. ಗಣಿಗಳಿಗಾಗಿ ಹಂಫ್ರಿ ಡೇವಿ 1815ರಲ್ಲಿ ರೂಪಿಸಿದ ರಕ್ಷಣಾ ದೀಪದ ತತ್ತ್ವವೇ ಇದು. ಆದರೆ ಜಾಲರಿ ಇದೆಯೆಂದು ಬಿಸಿ ಬರ್ನರಿಗೆ ಸುರಿಯುವುದು ಸರ್ವಥಾ ಕೂಡದು. ಎಥೆನಾಲಿನ ಕುದಿಬಿಂದು ಸುಮಾರು 78 ಡಿಗ್ರಿ. ಕಾದ ಉಕ್ಕಿನ ಮೇಲೆ ಬಿದ್ದೊಡನೆ ಅದು ಆವಿಯಾಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರವಾದ ಆ ಆವಿ ನೆಲಮಟ್ಟದಲ್ಲಿ ಹರಡುತ್ತದೆ. ಚೆಲ್ಲಿದ ಇಂಧನವನ್ನು ಒರೆಸಿ, ಕಿಟಕಿ ತೆರೆದು, ವಾಸನೆ ಹೋದ ಮೇಲೆ ಮಾತ್ರ ಬೆಂಕಿ ತಾಗಿಸಬೇಕು. ಪ್ರತಿದಿನ ತಣಿಸಿ, ಖಾಲಿ ಮಾಡಿ, ಒರೆಸುವ ಮನೆಯಲ್ಲಿ ಉರಿಯುತ್ತಿರುವ ಬರ್ನರಿಗೆ ಇಂಧನ ಸುರಿಯುವ ಪ್ರಸಂಗವೇ ಬಾರದು.

ಮಾನಕಗಳು ಮತ್ತು ಕಾನೂನು

ಜರ್ಮನಿಯು 2011ರಲ್ಲಿ ಡಿಐಎನ್ 4734-1 ಮಾನಕವನ್ನೂ, ಐರೋಪ್ಯ ಮಾನಕ ಸಮಿತಿಯು 2015ರಲ್ಲಿ ಇಎನ್ 16647 ಮಾನಕವನ್ನೂ ಇಂತಹ ಉಪಕರಣಗಳಿಗಾಗಿ ಹೊರತಂದವು. ಆಸ್ಟ್ರೇಲಿಯದಲ್ಲಿ 2017ರಿಂದ ಕಡ್ಡಾಯ ಸುರಕ್ಷತಾ ಮಾನಕ ಜಾರಿಯಲ್ಲಿದೆ. ಅದರಂತೆ ಸ್ಥಳಾಂತರಿಸಬಹುದಾದ ಉಪಕರಣದ ತೂಕ ಕನಿಷ್ಠ 8 ಕಿಲೋಗ್ರಾಂ, ತಳದ ವಿಸ್ತೀರ್ಣ ಕನಿಷ್ಠ 900 ಚದರ ಸೆಂಟಿಮೀಟರ್ ಇರಬೇಕು. ಮೇಜಿನ ಮೇಲಿಡುವ ಪುಟ್ಟ ಮಾದರಿಗಳು ಇದರಿಂದ ಹೊರಬಿದ್ದವು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2024ರ ಡಿಸೆಂಬರಿನಲ್ಲಿ, ಮದ್ಯಸಾರವನ್ನು ತೆರೆದ ಪಾತ್ರೆಗೆ ಸುರಿದು ಉರಿಸುವ ಅಗ್ನಿಕುಂಡಗಳನ್ನು ಬಳಸದಂತೆ ಎಚ್ಚರಿಸಿತು. ರಫ್ತಿನ ಆಲೋಚನೆಯುಳ್ಳ ಸಣ್ಣ ಉದ್ದಿಮೆದಾರರು ಅಚ್ಚು, ಫಿಕ್ಸ್ಚರುಗಳಿಗೆ ಹಣ ಹೂಡುವ ಮೊದಲು ಈ ಮಾನಕಗಳನ್ನು ತರಿಸಿ ಓದುವುದು ಅಗತ್ಯ.

ಸ್ವದೇಶದ ಮಾರಾಟದಲ್ಲಿಯೂ ಹೊಣೆ ಹಗುರವಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 84ನೆಯ ಪ್ರಕರಣದಂತೆ, ಹಾನಿ ತಡೆಯುವಷ್ಟು ಬಳಕೆಯ ಸೂಚನೆಯನ್ನಾಗಲಿ ಎಚ್ಚರಿಕೆಯನ್ನಾಗಲಿ ನೀಡದ ತಯಾರಕನು ಉತ್ಪನ್ನ ಹೊಣೆಗಾರಿಕೆಗೆ ಒಳಗಾಗುತ್ತಾನೆ. 86ನೆಯ ಪ್ರಕರಣವು ತಯಾರಕನ ಎಚ್ಚರಿಕೆ, ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದ ಮಾರಾಟಗಾರನನ್ನೂ ಒಳಗೊಳ್ಳುತ್ತದೆ. ಪೆಟ್ಟಿಗೆಯ ತಳದಲ್ಲಿ ಸೇರಿಸಿದ ಇಂಗ್ಲಿಷ್ ಅಥವಾ ಚೀನೀ ಭಾಷೆಯ ಕರಪತ್ರವನ್ನು ಅತಿಥಿಗೃಹದ ಕೆಲಸಗಾರ ಓದಲಾರ. ತಣಿಯುವ ಅವಧಿ, ಬಳಸತಕ್ಕ ಇಂಧನ, ಮರುಭರ್ತಿಯ ನಿಷೇಧ, ಪದರ ಬದಲಿಸುವ ಸಮಯ, ಕಿಟಕಿ ತೆರೆದಿಡಬೇಕಾದ ಅಗತ್ಯ ಇವಿಷ್ಟನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಅಚ್ಚು ಹಾಕಿಸಿ, ಬಿಲ್ಲಿನೊಡನೆ ಕೊಟ್ಟು ಪ್ರತಿಗೆ ಸಹಿ ಪಡೆಯುವ ವೆಚ್ಚ ಅತ್ಯಲ್ಪ.

ಇಂಧನವನ್ನೂ ತಾವೇ ಮಾರಬಯಸುವ ವರ್ತಕರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. 2024ರ ಅಕ್ಟೋಬರ್ 23ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 8:1ರ ಬಹುಮತದಿಂದ, ಔದ್ಯಮಿಕ ಮದ್ಯಸಾರದ ನಿಯಂತ್ರಣಕ್ಕೂ ರಾಜ್ಯಗಳಿಗೆ ಅಧಿಕಾರವಿದೆ ಎಂದು ತೀರ್ಪಿತ್ತಿದೆ. ಆದುದರಿಂದ ಸ್ಪಿರಿಟನ್ನು ಪೀಪಾಯಿಯಲ್ಲಿ ತರಿಸಿ ಸಣ್ಣ ಸೀಸೆಗಳಿಗೆ ತುಂಬುವ ಮೊದಲು ಅಬಕಾರಿ ಇಲಾಖೆಯಲ್ಲಿ ಪರವಾನಗಿಯ ವಿಚಾರವನ್ನು ಲಿಖಿತವಾಗಿ ಸ್ಪಷ್ಟಪಡಿಸಿಕೊಳ್ಳಬೇಕು. ಎಥೆನಾಲಿನ ಜ್ವಲನಬಿಂದು ಸುಮಾರು 13 ಡಿಗ್ರಿ ಮಾತ್ರವಾದುದರಿಂದ, ಅಂಗಡಿಯ ದಾಸ್ತಾನಿನ ಬಗ್ಗೆ ಅಗ್ನಿಶಾಮಕ ಇಲಾಖೆಯ ಹಾಗೂ ವಿಮಾ ಕಂಪನಿಯ ಷರತ್ತುಗಳನ್ನೂ ಜೊತೆಯಲ್ಲಿಯೇ ವಿಚಾರಿಸುವುದು ಉಚಿತ.