ನಾಲ್ಕೂರಿಗೆ ಒಂದೇ ಗಂಟೆ! ಅಂಗಡಿ ಬಾಗಿಲಿಗೆ ಬಂದ ಇಂಟರ್‌ನೆಟ್ ಫೋನು

ಕೋಲಾರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟೊಮೆಟೊ ಹರಾಜು ಕೂಗುವ ಹೊತ್ತಿಗೆ ಮಂಡಿ ಗುಮಾಸ್ತನಿಗೆ ಎರಡು ಕಿವಿ ಸಾಲುವುದಿಲ್ಲ. ಒಂದು ಕಿವಿ ಹರಾಜಿನ ಕಡೆಗೆ, ಇನ್ನೊಂದು ಫೋನಿನ ಕಡೆಗೆ. ಮುಳಬಾಗಿಲಿನಿಂದ ‘ಇವತ್ತು ಬಾಕ್ಸು ಎಷ್ಟಕ್ಕೆ ಹೋಯ್ತಣ್ಣಾ?’ ಅಂತ ಒಬ್ಬರು. ಶ್ರೀನಿವಾಸಪುರದಿಂದ ‘ಗಾಡಿ ಕಳಿಸಲೋ, ನಿಲ್ಲಿಸಲೋ?’ ಅಂತ ಇನ್ನೊಬ್ಬರು. ಒಬ್ಬರೊಡನೆ ಮಾತಾಡುವಷ್ಟರಲ್ಲಿ ಇನ್ನೊಬ್ಬರಿಗೆ ‘ಎಂಗೇಜ್’. ಆಮೇಲೆ ತಿರುಗಿ ಮಾಡೋಣ ಎಂದರೆ ಹರಾಜೇ ಮುಗಿದಿರುತ್ತದೆ.

2023ರ ಜುಲೈ ತಿಂಗಳಲ್ಲಿ ಇದೇ ಯಾರ್ಡಿನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದ್ದು ಯಾರೂ ಮರೆತಿಲ್ಲ. ಕೇಳುವವರಿಲ್ಲದೆ ಹಣ್ಣನ್ನು ರಸ್ತೆಗೆ ಸುರಿದ ದಿನಗಳೂ ನೆನಪಿವೆ. ಇಂಥ ವ್ಯಾಪಾರದಲ್ಲಿ ತಪ್ಪಿಹೋದ ಒಂದು ಫೋನ್ ಕರೆ ಎಂದರೆ ಬರೀ ಮಾತಲ್ಲ, ಗಂಟು.

ಈ ಗಂಟಿಗೆ ಮದ್ದು ಎಂದು ಈಗ ಕೇಳಿಬರುತ್ತಿರುವ ಹೆಸರು ಇಂಟರ್‌ನೆಟ್ ಫೋನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಕಡೆ ಅಂಗಡಿ ಇರುವ ಯಜಮಾನರಿಗೆ ಎಲ್ಲ ಕಡೆಯೂ ಒಂದೇ ಗಂಟೆ ಬಾರಿಸುವಂತೆ ಮಾಡಿಕೊಡುತ್ತೇವೆ ಎನ್ನುವುದು ಮಾರುವವರ ಮಾತು. ಮಾತು ನಿಜವೇ? ನಿಜವಾದರೆ ಯಾರಿಗೆ ಲಾಭ? ಹಳೇ ಫೋನನ್ನು ಕಿತ್ತು ಹಾಕಬಹುದೇ? ಇದು ಇಂದಿನ ಪ್ರಶ್ನೆ.

ಟ್ರಂಕ್ ಕಾಲಿನಿಂದ ಹಳದಿ ಬೋರ್ಡಿನವರೆಗೆ

ತಲೆ ನರೆತ ವ್ಯಾಪಾರಿಗಳಿಗೆ ಟ್ರಂಕ್ ಕಾಲಿನ ಕಾಲ ಗೊತ್ತು. ಬೆಳಿಗ್ಗೆ ಬುಕ್ ಮಾಡಿ ಮಧ್ಯಾಹ್ನದ ತನಕ ಕಾಯುವುದು. ಅವಸರವಿದ್ದರೆ ‘ಅರ್ಜೆಂಟ್’, ಇನ್ನೂ ಅವಸರವಿದ್ದರೆ ‘ಲೈಟ್ನಿಂಗ್’. ಮೂರು ನಿಮಿಷವಾದರೆ ಆಪರೇಟರು ಬಾಯಿ ಹಾಕುವುದು. ಅದಕ್ಕಿಂತ ಚೀಟಿ ಬರೆದು ಬಸ್ ಕಂಡಕ್ಟರ ಕೈಲಿ ಕೊಡುವುದೇ ವಾಸಿ ಎನ್ನುತ್ತಿದ್ದವರೂ ಉಂಟು.

ದೇಶದಲ್ಲಿ ಎಸ್.ಟಿ.ಡಿ. ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರದ ನಡುವೆ. ಸಣ್ಣ ಊರುಗಳಿಗೆ ಅದು ಇಳಿಯಲು ಬಹಳ ವರ್ಷ ಹಿಡಿಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ನಮ್ಮ ಧೂಳು, ನಮ್ಮ ಸೆಕೆ ತಡೆದುಕೊಂಡು ಏರ್ ಕಂಡೀಷನ್ ಇಲ್ಲದೆ ನಡೆಯುವ ಹಳ್ಳಿ ಎಕ್ಸ್‌ಚೇಂಜನ್ನು ಅದು ಮಾಡಿತು. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ಕೂತದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಎಂಬುದು ಹೆಮ್ಮೆಯ ಸಂಗತಿ. ಆಮೇಲೆ ಬಸ್ ಸ್ಟಾಂಡಿನ ಪಕ್ಕ, ಬೀಡಾ ಅಂಗಡಿ ಪಕ್ಕ, ಎಲ್ಲಿ ನೋಡಿದರೂ ಎಸ್.ಟಿ.ಡಿ. ಬೂತಿನ ಹಳದಿ ಬೋರ್ಡು. ರಾತ್ರಿ ರೇಟು ಕಡಿಮೆ ಎಂದು ಊಟ ಮುಗಿಸಿ ಸಾಲು ನಿಲ್ಲುತ್ತಿದ್ದ ಜನ.

ಆಗ ಒಂದು ವಿಚಿತ್ರವಿತ್ತು. ಜಿಲ್ಲೆ ಒಂದೇ, ಕೋಡು ಮಾತ್ರ ನಾಲ್ಕು. ಕೋಲಾರಕ್ಕೆ 08152, ಮಾಲೂರಿಗೆ 08151, ಮುಳಬಾಗಿಲಿಗೆ 08159, ಶ್ರೀನಿವಾಸಪುರಕ್ಕೆ 08157. ಇವತ್ತಿಗೂ ಲ್ಯಾಂಡ್‌ಲೈನಿಗೆ ಇವೇ ಕೋಡುಗಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಫೋನಿನಲ್ಲಿ ಬೇರೆ ಊರು.

ಮಾತು ಬಾಕ್ಸಿಗೆ ತುಂಬುವುದು ಹೇಗೆ?

ಇಂಟರ್‌ನೆಟ್ ಫೋನಿಗೆ ಈ ಕೋಡಿನ ಗೊಡವೆ ಇಲ್ಲ. ಅದು ಕೆಲಸ ಮಾಡುವ ಬಗೆಯನ್ನು ಟೊಮೆಟೊ ಮಂಡಿಯವರು ಬೇಗ ಹಿಡಿದುಕೊಳ್ಳುತ್ತಾರೆ. ಹಳೇ ಫೋನಿನಲ್ಲಿ ಇಬ್ಬರು ಮಾತಾಡುವಷ್ಟು ಹೊತ್ತೂ ಒಂದು ದಾರಿಯನ್ನು ಅವರಿಗಾಗಿಯೇ ಕಟ್ಟಿಡಬೇಕಿತ್ತು. ಒಂದು ಲಾರಿಗಾಗಿ ಇಡೀ ರಸ್ತೆ ಬಂದ್ ಮಾಡಿದ ಹಾಗೆ. ಇಂಟರ್‌ನೆಟ್ ಫೋನು ಹಾಗಲ್ಲ. ಅದು ಮಾತನ್ನು ಸಣ್ಣ ಸಣ್ಣ ತುಂಡು ಮಾಡಿ ಬಾಕ್ಸಿಗೆ ತುಂಬುತ್ತದೆ. ಸಾಮಾನ್ಯವಾಗಿ ಒಂದು ಸೆಕೆಂಡಿನ ಮಾತಿಗೆ 50 ಬಾಕ್ಸು. ಪ್ರತಿ ಬಾಕ್ಸಿನ ಮೇಲೂ ವಿಳಾಸ, ನಂಬರು. ಎಲ್ಲರ ಸಾಮಾನೂ ಹೋಗುವ ರಸ್ತೆಯಲ್ಲೇ ಇವೂ ಹೋಗುತ್ತವೆ. ಆ ಕಡೆಯ ಯಂತ್ರ ನಂಬರಿನ ಪ್ರಕಾರ ಜೋಡಿಸಿ ಕಿವಿಗೆ ಕೊಡುತ್ತದೆ.

ಬಾಕ್ಸು ತಡವಾದರೆ? ಅಲ್ಲೇ ತಕರಾರು. ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 150 ಭಾಗದೊಳಗೆ ಮಾತು ಮುಟ್ಟಬೇಕು ಎನ್ನುವುದು ಲೆಕ್ಕ. ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ಕೊನೆಗೆ ‘ಹಲೋ, ಹಲೋ’ ಒಂದೇ ಉಳಿಯುತ್ತದೆ. ಒಂದು ಕರೆಗೆ ಎರಡೂ ದಿಕ್ಕಿಗೆ ತಲಾ 80-90 ಕೆ.ಬಿ.ಪಿ.ಎಸ್. ಇದ್ದರೆ ಧಾರಾಳ. ಇವತ್ತಿನ ಫೈಬರ್ ಲೈನಿಗೆ ಇದು ಹುಲ್ಲುಕಡ್ಡಿಯ ಭಾರ. ಆದರೆ ಅದೇ ಲೈನಿನಲ್ಲಿ ಅಂಗಡಿ ಹುಡುಗರು ಸಿನಿಮಾ ನೋಡುತ್ತಾ ಕೂತರೆ ಯಜಮಾನರ ಮಾತು ತುಂಡಾಗಬಹುದು. ಮಾತಿಗೆ ಮೊದಲು ದಾರಿ ಬಿಡುವಂತೆ ರೂಟರಿನಲ್ಲಿ ಏರ್ಪಾಡು ಮಾಡಿಸಿಕೊಳ್ಳಬೇಕು.

ಮೊಬೈಲ್ ಇಲ್ಲವೇ ಸ್ವಾಮಿ?

‘ಎಲ್ಲರ ಜೇಬಲ್ಲೂ ಮೊಬೈಲ್ ಐತೆ, ತಿಂಗಳಿಗೊಂದು ಸಲ ರೀಚಾರ್ಜ್ ಮಾಡಿದ್ರೆ ಎಷ್ಟಾದ್ರೂ ಮಾತಾಡಬಹುದು, ಇದ್ಯಾಕೆ ಬೇಕು?’ ಅಂಗಡಿಯವರು ಮೊದಲು ಕೇಳುವುದೇ ಇದನ್ನ. ನ್ಯಾಯವಾದ ಪ್ರಶ್ನೆ. ಒಂದೇ ಅಂಗಡಿ, ಇಬ್ಬರೇ ಕೆಲಸದವರು ಇರುವ ಕಡೆ ಇದು ಬೇಕಾಗಿಲ್ಲ. ಮೊಬೈಲೇ ಸಾಕು.

ನಾಲ್ಕು ಕಡೆ ವ್ಯವಹಾರ ಇರುವವರ ಕಥೆ ಬೇರೆ. ಕೋಲಾರದಲ್ಲಿ ಹೆಡ್ಡಾಫೀಸು, ಮಾಲೂರಿನಲ್ಲಿ ಹೆಂಚು-ಇಟ್ಟಿಗೆ ಗೋಡೌನು, ಮುಳಬಾಗಿಲಿನಲ್ಲಿ ಹೈವೇ ಪಕ್ಕ ಡಿಪೋ, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇರುವ ಒಬ್ಬ ಯಜಮಾನರನ್ನು ನೆನೆಸಿಕೊಳ್ಳಿ. ಅವರ ಗಿರಾಕಿಗಳ ಹತ್ತಿರ ಇರುವುದು ಅಂಗಡಿಯ ನಂಬರಲ್ಲ, ಗುಮಾಸ್ತನ ನಂಬರು. ಗುಮಾಸ್ತ ಕೆಲಸ ಬಿಟ್ಟು ಎದುರು ಅಂಗಡಿಗೆ ಸೇರಿದ ದಿನ ನಂಬರೂ ಎದುರು ಅಂಗಡಿಗೆ, ಗಿರಾಕಿಯೂ ಎದುರು ಅಂಗಡಿಗೆ! ಹತ್ತು ವರ್ಷ ಕಟ್ಟಿದ ವ್ಯಾಪಾರ ಒಂದು ಸಿಮ್ ಕಾರ್ಡಿನ ಜೊತೆ ಮೆಟ್ಟಿಲಿಳಿದು ಹೋಗುತ್ತದೆ.

ಇಂಟರ್‌ನೆಟ್ ಫೋನಿನಲ್ಲಿ ನಂಬರು ಅಂಗಡಿಯ ಸ್ವತ್ತು. ಹೊರಗಿನವರಿಗೆ ಒಂದೇ ನಂಬರು. ಒಳಗೆ ಕೋಲಾರಕ್ಕೆ 101, ಮಾಲೂರಿಗೆ 201 ಎಂದು ಇಂಟರ್‌ಕಾಮ್ ನಂಬರು. ಕೋಲಾರದಲ್ಲಿ ಎತ್ತದಿದ್ದರೆ ಮುಳಬಾಗಿಲಿನಲ್ಲಿ ಗಂಟೆ ಹೊಡೆಯುವಂತೆ ಮಾಡಬಹುದು. ಬಂದ ಕರೆಯನ್ನು ಮಾಲೂರಿನಿಂದ ಶ್ರೀನಿವಾಸಪುರಕ್ಕೆ ಕುಂತಲ್ಲೇ ದಾಟಿಸಬಹುದು. ಯಾರು ಫೋನ್ ಮಾಡಿದ್ದರು, ಯಾವುದು ತಪ್ಪಿಹೋಯಿತು ಎಂಬ ಪಟ್ಟಿ ಸಂಜೆ ಯಜಮಾನರ ಮುಂದಿರುತ್ತದೆ.

ಒಂದು ಕರೆ ಎಷ್ಟು ಬೆಲೆ ಬಾಳುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಜೂನ್ ತಿಂಗಳಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವಿಗೆ ಬಾಗಿಲು ಹಾಕಿತು. ಶ್ರೀನಿವಾಸಪುರದ ತೋತಾಪುರಿಗೆ ಆ ಕಡೆಯ ಪಲ್ಪ್ ಕಾರ್ಖಾನೆಗಳೇ ಆಧಾರ. ಅಂಥ ದಿನ ಸುದ್ದಿ ಲೋಡ್ ಆಗುವ ಮುಂಚೆ ಬಂದರೆ ಕಾಯಿ ಮಂಡಿಯಲ್ಲಿ ಉಳಿಯುತ್ತದೆ; ಗಡಿಯಲ್ಲಿ ಲಾರಿ ನಿಂತ ಮೇಲೆ ಬಂದರೆ ಬಾಡಿಗೆಯೂ ಹೋಯಿತು, ಕಾಯಿಯೂ ಹೋಯಿತು.

ಕರೆಂಟು ಹೋದರೆ ಮಾತೂ ಹೋಯ್ತು!

ಇನ್ನು ಹುಳುಕಿನ ವಿಚಾರ. ಹಳೇ ತಾಮ್ರದ ತಂತಿಯ ಫೋನಿಗೆ ಕರೆಂಟನ್ನು ಎಕ್ಸ್‌ಚೇಂಜೇ ಕಳಿಸುತ್ತಿತ್ತು. ಊರೆಲ್ಲಾ ಕತ್ತಲಾದರೂ ಫೋನು ಬಡಿದುಕೊಳ್ಳುತ್ತಿತ್ತು. ಇಂಟರ್‌ನೆಟ್ ಫೋನಿಗೆ ಆ ಭಾಗ್ಯವಿಲ್ಲ. ಅಂಗಡಿಯ ಕರೆಂಟು ಹೋದರೆ ರೂಟರ್ ಆರುತ್ತದೆ, ರೂಟರ್ ಆರಿದರೆ ಫೋನು ಮೂಕ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ತಂತಿ ಎಳೆದು ವಿದ್ಯುತ್ ತಂದ ಜಿಲ್ಲೆ ಇದು. ಹಾಗೆಂದು ಬೇಸಿಗೆಯಲ್ಲಿ ಕರೆಂಟು ಹೋಗುವುದಿಲ್ಲ ಎನ್ನುವ ಹಾಗಿದೆಯೇ? ಆದ್ದರಿಂದ ರೂಟರಿಗೊಂದು, ಫೋನಿಗೊಂದು ಬ್ಯಾಟರಿ ಬ್ಯಾಕಪ್ಪು ಬೇಕೇ ಬೇಕು. ಫೈಬರ್ ತುಂಡಾದರೆ ಕರೆ ತಾನಾಗಿ ಮೊಬೈಲಿಗೆ ಹೋಗುವಂತೆಯೂ ಮೊದಲೇ ಹೇಳಿ ಮಾಡಿಸಿಕೊಳ್ಳಬೇಕು. ಬೆಂಕಿ, ಅಪಘಾತ ಎಂದರೆ 112ಕ್ಕೆ ಮೊಬೈಲಿನಿಂದಲೇ ಕರೆ ಮಾಡುವುದು ಕ್ಷೇಮ. ಇಂಟರ್‌ನೆಟ್ ಫೋನಿಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದೇ ಕೆಲವು ಸಲ ಗೊತ್ತಿರುವುದಿಲ್ಲ.

ಎರಡನೇ ಹುಳುಕು ಕಳ್ಳತನ. ಅಂಗಡಿಗೆ ಬೀಗ ಹಾಕುವವರು ಫೋನಿನ ಪಾಸ್‌ವರ್ಡನ್ನು ಕಂಪನಿ ಕೊಟ್ಟ ‘1234’ರಲ್ಲೇ ಬಿಡುತ್ತಾರೆ. ರಾತ್ರೋರಾತ್ರಿ ಯಾರೋ ಎಲ್ಲಿಂದಲೋ ಒಳಗೆ ನುಗ್ಗಿ ಪರದೇಶಕ್ಕೆ ಕರೆ ಮಾಡಿ ಬಿಲ್ಲು ಏರಿಸುವುದು ಈ ಫೋನುಗಳ ಹಳೇ ಕಾಯಿಲೆ. ಪಾಸ್‌ವರ್ಡ್ ಬದಲಿಸಿ, ಐ.ಎಸ್.ಡಿ. ಬೇಡದಿದ್ದರೆ ಬಂದ್ ಮಾಡಿಸಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ದೂರು ಕೊಡಿ.

ಕಾನೂನು ಏನನ್ನುತ್ತದೆ?

ನಮ್ಮ ದೇಶದಲ್ಲಿ ಜನರ ಕೈಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಇಂಟರ್‌ನೆಟ್ ಮೂಲಕ ಮಾತಾಡಲು 2002ರ ಏಪ್ರಿಲ್‌ನಲ್ಲಿ ಅಪ್ಪಣೆ ಸಿಕ್ಕಿತು, ಅದೂ ಕೈಕಾಲು ಕಟ್ಟಿ. ದೇಶದೊಳಗೆ ಇಂಟರ್‌ನೆಟ್ ಫೋನಿನಿಂದ ಮಾಮೂಲಿ ಫೋನಿಗೆ ಕರೆ ಮಾಡಲು ಕಂಪನಿಗಳಿಗೆ ದಾರಿ ತೆರೆದದ್ದು 2018ರಲ್ಲಿ. ಅದೇ ವರ್ಷ ಬಿ.ಎಸ್.ಎನ್.ಎಲ್. ‘ವಿಂಗ್ಸ್’ ಎಂಬ ಹೆಸರಿನಲ್ಲಿ ಇಂಥ ಸೇವೆಯನ್ನು ಪ್ರಕಟಿಸಿತು.

ಹಾಗಾಗಿ ಲೈಸೆನ್ಸ್ ಇರುವ ಕಂಪನಿಯಿಂದ, ಅಂಗಡಿಯ ಹೆಸರಿನಲ್ಲಿ, ದಾಖಲೆ ಕೊಟ್ಟು ತೆಗೆದುಕೊಂಡರೆ ಹೆದರಿಕೆ ಇಲ್ಲ. ಹೆದರಬೇಕಾದದ್ದು ಬೇರೆಯವರಿಗೆ. ‘ನಿಮ್ಮ ಅಂಗಡಿ ಮೂಲೇಲಿ ಒಂದು ಡಬ್ಬಿ ಇಟ್ಕೊಳ್ಳಿ, ತಿಂಗಳಿಗೆ ಬಾಡಿಗೆ ಕೊಡ್ತೀವಿ’ ಅಂತ ಬರುವವರಿದ್ದಾರಲ್ಲ, ಅವರಿಗೆ. ಹತ್ತಾರು ಸಿಮ್ ತುಂಬಿದ ಆ ಡಬ್ಬಿ ಪರದೇಶದ ಕರೆಯನ್ನು ಲೋಕಲ್ ಕರೆಯಾಗಿ ವೇಷ ಹಾಕಿಸುವ ಕಳ್ಳ ಎಕ್ಸ್‌ಚೇಂಜು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಇಂಥ ಸೇವೆ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿವರೆಗೆ ದಂಡ, ಇಲ್ಲವೇ ಎರಡೂ. ಬಾಡಿಗೆ ಆಸೆಗೆ ಬಿದ್ದವರು ಅಂಗಡಿಗೇ ಬೀಗ ಹಾಕಿಸಿಕೊಂಡಾರು!

ಸಹಿ ಹಾಕುವ ಮುಂಚೆ

ಬಿಟ್ಟಿ ಆಪ್ ನಂಬಿ ಅಂಗಡಿ ಬೋರ್ಡು ಬರೆಸುವುದೂ ಜಾಣತನವಲ್ಲ. 2003ರಲ್ಲಿ ಹುಟ್ಟಿ ಜಗತ್ತಿಗೆಲ್ಲ ಬಿಟ್ಟಿ ಮಾತು ಕಲಿಸಿದ ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ದುಡ್ಡು ಕೊಟ್ಟು ಕೊಳ್ಳುವಾಗಲೂ ನಾಲ್ಕು ಮಾತು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ತಿಂಗಳ ಬಾಡಿಗೆ ಒಟ್ಟು ಎಷ್ಟು, ಅಥವಾ ಪ್ರತಿ ಫೋನಿಗೂ ಬೇರೆ ಬೇರೆಯೋ? ಹೊರಗಿನ ಕರೆಗೆ ಬಿಲ್ಲು ಬೇರೆ ಇದೆಯೋ? ಕೆಟ್ಟರೆ ಶ್ರೀನಿವಾಸಪುರದವರೆಗೆ ರಿಪೇರಿಗೆ ಬರುವವರು ಯಾರು, ಎಷ್ಟು ಹೊತ್ತಿಗೆ? ನಾಳೆ ಕಂಪನಿ ಬಿಟ್ಟರೆ ನಂಬರು ನಮ್ಮದಾಗಿಯೇ ಉಳಿಯುತ್ತದೆಯೋ, ಇಲ್ಲವೋ? ಕೊನೆಯ ಪ್ರಶ್ನೆಗೆ ತಡವರಿಸುವ ಏಜೆಂಟನಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಹಳೇ ಫೋನು ಇದ್ದವರು ಆತುರಪಟ್ಟು ಕೀಳಿಸಬೇಡಿ. ಬಿಲ್ ಬುಕ್ಕಿನ ಮೇಲೆ, ಕ್ಯಾಲೆಂಡರಿನ ಮೇಲೆ, ಗೋಣಿಚೀಲದ ಮೇಲೆ ಅಚ್ಚಾದ ನಂಬರದು. ಹೊಸದನ್ನು ಮೊದಲು ಎರಡು ಅಂಗಡಿಗೆ ಹಾಕಿ ಒಂದು ಸೀಸನ್ ನೋಡುವುದು ಒಳ್ಳೆಯದು. ಟೊಮೆಟೊ ರಶ್ಶಿನಲ್ಲಿ, ಮಾವಿನ ಸುಗ್ಗಿಯಲ್ಲಿ, ಕರೆಂಟಿಲ್ಲದ ಮಧ್ಯಾಹ್ನದಲ್ಲಿ ಅದು ಬಾಯಿ ಬಿಟ್ಟರೆ ನಾಲ್ಕಕ್ಕೂ ಹಾಕಬಹುದು.

ನರಸಾಪುರದ ಕಾರ್ಖಾನೆಯಲ್ಲಿ ಐಫೋನು ಜೋಡಿಸಿ ಜಗತ್ತಿಗೆ ಕಳಿಸುವ ಜಿಲ್ಲೆ ಇದು. ಆ ಜಿಲ್ಲೆಯ ಮಂಡಿಯಲ್ಲಿ ‘ನಂಬರು ಬಿಜಿ ಇತ್ತಣ್ಣಾ, ಅದಕ್ಕೇ ಬೇರೆಯವರಿಗೆ ಕೊಟ್ಬಿಟ್ಟೆ’ ಎನ್ನುವ ಮಾತು ಇನ್ನೂ ಕೇಳಿಬರಬೇಕೇ? ಗಂಟೆ ಹೊಡೆದಾಗ ಎತ್ತುವವರು ಇರಬೇಕು, ಅಷ್ಟೇ. ಯಂತ್ರ ಎಷ್ಟೇ ಜಾಣನಾದರೂ ‘ಹಲೋ, ಹೇಳಿ ಸ್ವಾಮಿ’ ಎನ್ನಬೇಕಾದವರು ಅಂಗಡಿಯವರೇ.